ಗೆಳತಿಯ ಬಾಡಿಗೆ ಮನೆ: ಬಣ್ಣವೋ ವಾಲ್‌ಪೇಪರೋ, ಹೊಸದೋ ಹಳೆಯದೋ?

ನನ್ನ ಅಪಾರ್ಟ್‌ಮೆಂಟನ್ನು ಸ್ವಲ್ಪ ಚೆಂದ ಮಾಡಿಕೊಡು ಅಂತ ಗೆಳತಿ ಕೇಳಿದಾಗ ನಾನು ಮೊದಲು ವಿಚಾರಿಸಿದ್ದು ಕೈಯಲ್ಲಿ ದುಡ್ಡೆಷ್ಟಿದೆ ಅಂತ. ಅವಳು ಹೇಳಿದ ಮೊತ್ತ ಒಂದು ತಿಂಗಳ ಬಾಡಿಗೆಗಿಂತಲೂ ಕಡಿಮೆ. ಜೊತೆಗೆ ಮಾಲೀಕರ ಎರಡು ಷರತ್ತು. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಬಣ್ಣ ಬದಲಿಸಿದರೆ ಮನೆ ಬಿಡುವಾಗ ಮತ್ತೆ ಬಿಳಿ ಮಾಡಿಕೊಡಬೇಕು. ಎರಡು ಕೋಣೆ, ಒಂದು ಸಣ್ಣ ಅಡುಗೆಮನೆ. ಯಾವುದು ಬಾಳಿಕೆ ಬರುತ್ತದೆ ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ ಸಾಧ್ಯವಾದ ಕಡೆಯೆಲ್ಲ ಎರಡೂ ಥರ ಮಾಡಿ ನೋಡಿದೆವು.

ಮೊದಲು ಗೋಡೆ. ಹಾಲ್‌ನ ಒಂದು ಗೋಡೆಗೆ ಬಣ್ಣ, ಮಲಗುವ ಕೋಣೆಯ ಅಷ್ಟೇ ದೊಡ್ಡ ಗೋಡೆಗೆ ಹಿಂಬದಿಯ ಹಾಳೆ ಸುಲಿದು ಅಂಟಿಸುವ ವಾಲ್‌ಪೇಪರ್. ಎರಡೂ 3 ಮೀಟರ್ ಅಗಲ, 2.7 ಮೀಟರ್ ಎತ್ತರ.

ವಾಲ್‌ಪೇಪರ್ ಸುಲಭ ಅಂದುಕೊಂಡಿದ್ದೆ. ಲೆಕ್ಕದಲ್ಲೇ ಎಡವಿದೆ. ರೋಲ್ 45 ಸೆಂ.ಮೀ. ಅಗಲ, 10 ಮೀಟರ್ ಉದ್ದ, ಅಂದರೆ 4.5 ಚದರ ಮೀಟರ್. ಗೋಡೆ 8.1 ಚದರ ಮೀಟರ್. ಎರಡು ರೋಲ್ ಸಾಕು ಅಲ್ವಾ? ಸಾಕಾಗಲಿಲ್ಲ. ಗೋಡೆಯ ಅಗಲಕ್ಕೆ ಏಳು ಪಟ್ಟಿ ಬೇಕು, ಒಂದು ರೋಲ್‌ನಲ್ಲಿ ಸಿಗುವುದು ಮೂರೇ ಪೂರ್ತಿ ಪಟ್ಟಿ. ಕೊನೆಯ ಒಂದೇ ಒಂದು ಪಟ್ಟಿಗಾಗಿ ಮೂರನೇ ರೋಲ್ ಕೊಂಡೆವು. ನಮ್ಮದು ಸಾದಾ ಗೆರೆಯ ವಿನ್ಯಾಸ. ದೊಡ್ಡ ಹೂವಿನದಾಗಿದ್ದರೆ ಒಂದಕ್ಕೊಂದು ಹೊಂದಿಸುವುದರಲ್ಲಿ ಇನ್ನೂ ಜಾಸ್ತಿ ವೇಸ್ಟ್ ಆಗುತ್ತಿತ್ತು.

ಅಂಟಿಸಿದ ಸಂಜೆ ಕೋಣೆ ಹೋಟೆಲ್ ರೂಮಿನಂತೆ ಕಂಡಿತು, ಸುಳ್ಳು ಹೇಳುವುದಿಲ್ಲ. ನಾಲ್ಕನೇ ರಾತ್ರಿ ಅವಳ ಫೋನ್. "ಯಾರೋ ಒಳಗೆ ಬಂದ ಹಾಗೆ ಸದ್ದಾಯ್ತು ಕಣೇ, ಎದ್ದು ಲೈಟ್ ಹಾಕಿದರೆ ನಿನ್ನ ವಾಲ್‌ಪೇಪರ್!" ಎರಡು ಪಟ್ಟಿ ಮೇಲಿಂದ ಸರ್ರನೆ ಕಳಚಿ ಮಂಚದ ಮೇಲೆ ಬಿದ್ದಿದ್ದವು. ಬೆಳಿಗ್ಗೆ ಹೋಗಿ ಗೋಡೆಗೆ ಅಂಗೈ ಸವರಿದೆ. ಕೈಯೆಲ್ಲ ಬಿಳಿ ಪುಡಿ. ಹಳೆಯ ಸುಣ್ಣದಂಥ ಬಣ್ಣಕ್ಕೆ ಅಂಟು ಹಿಡಿದಿರಲಿಲ್ಲ, ಪುಡಿಗೆ ಹಿಡಿದಿತ್ತು ಅಷ್ಟೆ. ಅಂಗೈ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಕೊಳ್ಳುವ ಮೊದಲೇ ಮಾಡಬೇಕಿತ್ತು.

ಬಣ್ಣದ ಕಡೆ ಕೆಲಸ ಜಾಸ್ತಿ, ತಂಟೆ ಕಡಿಮೆ. ಹಳೆಯ ಮೊಳೆಯ ತೂತುಗಳಿಗೆ ಪುಟ್ಟಿ ಹಾಕಿ, ಒಣಗಿದ ಮೇಲೆ ಉಜ್ಜುಕಾಗದದಿಂದ ಸಮ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಚಿಗೆ ಟೇಪ್ ಅಂಟಿಸುವಷ್ಟರಲ್ಲಿ ಅರ್ಧ ದಿನ ಕಳೆಯಿತು. ಬಳಿಯುವುದಕ್ಕೆ ಹಿಡಿದದ್ದು ಅದಕ್ಕಿಂತ ಕಡಿಮೆ. ಒಂದು ಲೀಟರ್ ಎಮಲ್ಷನ್ (ನೀರಿನಲ್ಲಿ ಬೆರೆಯುವ ಗೋಡೆ ಬಣ್ಣ) ಒಂದು ಕೋಟ್‌ಗೆ, ಅಂದರೆ ಒಂದು ಸಲ ಬಳಿಯುವುದಕ್ಕೆ, ಸುಮಾರು 10 ಚದರ ಮೀಟರ್ ಬರುತ್ತದೆ. ಎರಡು ಕೋಟ್‌ಗೆ ಒಂದೂವರೆ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಖರ್ಚಾಯಿತು. ಮೊದಲ ಕೋಟ್ ಒಣಗಿದಾಗ ಗೋಡೆ ಕಲೆ ಕಲೆಯಾಗಿ ಕಂಡು ಗೆಳತಿಯ ಮುಖ ಸಪ್ಪಗಾಯಿತು. ಎರಡನೆಯದಕ್ಕೆ ಎಲ್ಲ ಮುಚ್ಚಿತು. ಮನೆ ಬಿಡುವಾಗ ಬಿಳಿ ಬಳಿಯುವ ಖರ್ಚು ಸೇರಿಸಿದರೂ ಮೂರು ರೋಲ್‌ಗಿಂತ ಇದೇ ಅಗ್ಗ ಬಿತ್ತು.

ಹಾಗಂತ ವಾಲ್‌ಪೇಪರ್ ದಂಡ ಅನ್ನುವುದಿಲ್ಲ. ಮೂರನೇ ರೋಲ್‌ನಲ್ಲಿ ಏಳು ಮೀಟರ್ ಉಳಿದಿತ್ತಲ್ಲ, ಅದನ್ನು ಕಪಾಟಿನ ನುಣುಪು ಬಾಗಿಲಿಗೆ ಅಂಟಿಸಿದೆವು. ಅಲ್ಲಿ ಇವತ್ತಿಗೂ ಅಲುಗಾಡಿಲ್ಲ. ಗುಳ್ಳೆ ಎದ್ದ ಕಡೆ ಸೂಜಿಯಿಂದ ಚುಚ್ಚಿ, ಬಟ್ಟೆಯಿಂದ ಒತ್ತಿದರೆ ಮುಗಿಯಿತು.

ಇನ್ನು ಬೆಳಕು. ಇಲ್ಲಿ ನಾವು ಮಾಡಿದ ತಪ್ಪು ಈಗಲೂ ಚುಚ್ಚುತ್ತದೆ. ಬಣ್ಣ ಆರಿಸಿದ್ದು ಹಳೆಯ ಟ್ಯೂಬ್‌ಲೈಟಿನ ಕೆಳಗೆ. ತಿಳಿ ಹಸಿರು ಅಂತ ತಂದೆವು. ಆಮೇಲೆ ಬಲ್ಬ್ ಬದಲಿಸಿದಾಗ ಅದೇ ಗೋಡೆ ಹಳದಿಗೆ ತಿರುಗಿತು! ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ಅಂಕಿ ಇರುತ್ತದೆ. 6500 ಅಂದರೆ ನೀಲಿ ಛಾಯೆಯ ಬಿಳಿ, 2700 ಅಂದರೆ ಹಳದಿ ಛಾಯೆ. ಒಂದೇ ಸಂಜೆ, ಅದೇ ಹಾಲ್‌ನಲ್ಲಿ ಎರಡನ್ನೂ ಹಾಕಿ ನೋಡಿದೆವು. ಮೇಲಿನ 6500ರ ಒಂದೇ ಲೈಟಿನಲ್ಲಿ ಮೂಲೆಯ ಬಿರುಕು, ಸೋಫಾದ ಸವೆದ ಅಂಚು, ನಮ್ಮಿಬ್ಬರ ಕಣ್ಣಿನ ಕೆಳಗಿನ ಕಪ್ಪು ಎಲ್ಲ ಎದ್ದು ಕಂಡವು. ಅದನ್ನು ಆಫ್ ಮಾಡಿ, 2700ರ ಎರಡು ಟೇಬಲ್ ಲ್ಯಾಂಪ್‌ಗಳನ್ನು ಎದುರುಬದುರು ಮೂಲೆಯಲ್ಲಿಟ್ಟಾಗ ಸೋಫಾ ಹೊಸದರಂತೆ ಕಂಡಿತು. ಇಡೀ ಮನೆಯಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಜಾಸ್ತಿ ಬದಲಾವಣೆ ಕಂಡದ್ದು ಇದರಲ್ಲೇ. ಮೊದಲು ಬಲ್ಬ್ ಬದಲಿಸಿದ್ದರೆ ಬಹುಶಃ ಗೋಡೆಯ ತಂಟೆಗೇ ಹೋಗುತ್ತಿರಲಿಲ್ಲ.

ಆದರೆ ಅಡುಗೆಮನೆಗೆ 2700 ಸುತರಾಂ ಬೇಡ. ಕತ್ತರಿಸುವ ಹಲಗೆಯ ಮೇಲೆ ಏನಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಅಲ್ಲಿ 4000 ಹಾಕಿದೆವು.

ಪೀಠೋಪಕರಣದಲ್ಲಿ ಸ್ಪರ್ಧೆ ಪಾರ್ಟಿಕಲ್ ಬೋರ್ಡ್‌ನ (ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಹೊಸ ಶೆಲ್ಫಿಗೂ ಹಳೆಯ ಮರದ ಮೇಜಿಗೂ. ಶೆಲ್ಫ್ ಡಬ್ಬಿಯಲ್ಲಿ ಬಂತು, ಎರಡು ಗಂಟೆಯಲ್ಲಿ ಜೋಡಿಸಿದೆವು, ಒಂದು ಸ್ಕ್ರೂ ಉಳಿಯಿತು. ಪುಸ್ತಕ ಇಟ್ಟ ಎರಡು ತಿಂಗಳಿಗೆ ನಡುವಿನ ಹಲಗೆ ಬಾಗಿತು. ತಪ್ಪು ನಮ್ಮದೇ. ಒಂದು ಮೀಟರ್ ಉದ್ದ ಸಾಲಾಗಿಟ್ಟ ಪುಸ್ತಕ ಸುಲಭವಾಗಿ 20 ಕೆಜಿ ತೂಗುತ್ತದೆ. ಹಲಗೆಯನ್ನು ತಿರುವಿ ಹಾಕಿ, ಭಾರದ ಪುಸ್ತಕಗಳನ್ನು ಎರಡೂ ತುದಿಗೆ ಸರಿಸಿದೆವು. ಸದ್ಯಕ್ಕೆ ನಿಂತಿದೆ.

ಹಳೆಯ ಮೇಜು ಕೊಂಡದ್ದು ಶೆಲ್ಫಿನ ಅರ್ಧ ಬೆಲೆಗೆ. ಆದರೆ ಸಾಗಿಸಲು ವ್ಯಾನ್, ಹತ್ತಿಸಲು ಇಬ್ಬರು, ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳದ ಲೇಪ), ಉಜ್ಜುಕಾಗದ ಎಲ್ಲ ಸೇರಿ ಕೊನೆಗೆ ಸರಿಸಮ ಆಯಿತು. 120 ನಂಬರಿನ ಕಾಗದದಿಂದ ಹಳೆಯ ಪಾಲಿಶ್ ತೆಗೆದು, 220ರಿಂದ ನಯ ಮಾಡಿದೆವು. ಧೂಳು ಮೂರು ದಿನ ಹಲ್ಲಿನಲ್ಲೇ ಇತ್ತು. ಅಷ್ಟಾದರೂ ಮತ್ತೆ ಕೊಳ್ಳುವುದಿದ್ದರೆ ಮೇಜನ್ನೇ ಕೊಳ್ಳುತ್ತೇನೆ, ಅದರ ಮೇಲೆ ನಿಂತು ಬಲ್ಬ್ ಬದಲಿಸಿದರೂ ಕದಲುವುದಿಲ್ಲ. ಕಾಲಿನ ಬುಡದಲ್ಲಿ ಹೊಸ ಮರದ ಪುಡಿ ಉದುರುತ್ತಿದೆಯಾ ಅಂತ ಮಾತ್ರ ಬಗ್ಗಿ ನೋಡಿ. ಉದುರುತ್ತಿದ್ದರೆ ಒಳಗೆ ಹುಳ ಇನ್ನೂ ಇದೆ ಅಂತ ಅರ್ಥ.

ಮೊಳೆ ಬೇಡ ಅಂದದ್ದರಿಂದ ಫೋಟೋಗಳಿಗೆ ಅಂಟಿಸುವ ಹುಕ್ಕು. ಹಳೆಯ ಗಟ್ಟಿ ಬಣ್ಣದ ಗೋಡೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಹುಕ್ಕು ಒತ್ತಿ, ಒಂದು ಗಂಟೆ ಬಿಟ್ಟು ತೂಗು ಹಾಕಿದ್ದು ನಿಂತಿದೆ. ಹೊಸ ಬಣ್ಣದ ಗೋಡೆಗೆ ಮರುದಿನವೇ ಹಚ್ಚಿದ್ದು ಬಿತ್ತು, ಬೀಳುವಾಗ ಅಂಗೈಯಗಲ ಬಣ್ಣವನ್ನೂ ಕಿತ್ತುಕೊಂಡು ಬಂತು. ಕನಿಷ್ಠ ಒಂದು ವಾರ ಕಾಯಬೇಕಿತ್ತು. ಆ ಕಲೆಯ ಮುಂದೆ ಈಗ ಒಂದು ಲ್ಯಾಂಪ್ ನಿಂತಿದೆ. ಬಂದವರೆಲ್ಲ ಲ್ಯಾಂಪ್ ಚೆನ್ನಾಗಿದೆ ಅಂತಾರೆ.