ಡಿರ‍್ಯಾಮ್ ಎಕ್ಸ್‌ಚೇಂಜ್ ಬೆಲೆಪಟ್ಟಿ: ಪುಕ್ಕಟೆ ಭಾಗವೇ ಸಾಕು

ಮೆಮೊರಿ ಚಿಪ್ ತಯಾರಿಸುವ ಅಮೆರಿಕದ ಮೈಕ್ರಾನ್ ಕಂಪನಿಯ ಶೇರು ಕೊಂಡವರಿಗೆ ಮೆಮೊರಿ ಚಿಪ್‌ನ ರೇಟು ನೋಡುವ ಚಟ ಬೇಗ ಅಂಟಿಕೊಳ್ಳುತ್ತದೆ. ನನಗೂ ಅಂಟಿದೆ. ನಾನು ನೋಡುವುದು ತೈವಾನ್‌ನ ಮಾರುಕಟ್ಟೆ ಅಧ್ಯಯನ ಸಂಸ್ಥೆ ಟ್ರೆಂಡ್‌ಫೋರ್ಸ್ ನಡೆಸುವ ಬೆಲೆಪಟ್ಟಿಯ ವೆಬ್‌ಸೈಟ್ ಡಿರ‍್ಯಾಮ್ ಎಕ್ಸ್‌ಚೇಂಜ್.

ನೋಡೋಕೆ ಏನೂ ಚೆಂದವಿಲ್ಲ. ಎಡಗಡೆ ಚಿಪ್‌ನ ಹೆಸರು, ಪಕ್ಕದಲ್ಲಿ ದಿನದ ಗರಿಷ್ಠ, ಕನಿಷ್ಠ, ಸರಾಸರಿ, ಏರಿಳಿತ. ಎಲ್ಲ ಡಾಲರ್‌ನಲ್ಲಿ. ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಮಾರುವುದು ರ‍್ಯಾಮ್ ಸ್ಟಿಕ್. ಇಲ್ಲಿರುವುದು ಅದರ ಮೇಲೆ ಕೂರುವ ಒಂದೊಂದು ಕರಿ ಚಿಪ್‌ನ ಬೆಲೆ. 16 ಗಿಗಾಬಿಟ್‌ನ ಡಿಡಿಆರ್5 ಚಿಪ್ ಎಂಟು ಸೇರಿದರೆ 16 ಜಿಬಿ ಸ್ಟಿಕ್ (8 ಗಿಗಾಬಿಟ್ ಅಂದರೆ 1 ಜಿಬಿ). ಎಂಟರಿಂದ ಗುಣಿಸಿ ನೋಡಿ, ಡೀಲರ್ ಬೆಳಿಗ್ಗೆ ಹೇಳಿದ ರೇಟು ಸಂಜೆಗೆ ಯಾಕೆ ಬದಲಾಯಿತು ಅಂತ ತಿಳಿಯುತ್ತದೆ.

ಈ ಪಟ್ಟಿಯ ನಿಜವಾದ ಉಪಯೋಗ ಗೊತ್ತಾದದ್ದು 2025ರ ಜೂನ್‌ನಲ್ಲಿ. ಹಳೇ ತಲೆಮಾರಿನ ಡಿಡಿಆರ್4 ಮೆಮೊರಿ ಹೊಸ ತಲೆಮಾರಿನ ಡಿಡಿಆರ್5ಗಿಂತ ದುಬಾರಿಯಾಯಿತು! ದೊಡ್ಡ ಕಂಪನಿಗಳು ಡಿಡಿಆರ್4 ತಯಾರಿಕೆ ನಿಲ್ಲಿಸಲು ಹೊರಟಿದ್ದವು, ಉಳಿದ ಮಾಲಿಗೆ ಎಲ್ಲರೂ ಮುಗಿಬಿದ್ದಿದ್ದರು.

ಆದರೆ ನಮ್ಮ ಹೂಡಿಕೆ ಗೆಳೆಯರು ಇದನ್ನು ಓದುವ ರೀತಿ ನನಗೆ ಹಿಡಿಸುವುದಿಲ್ಲ. ಎರಡು ದಿನ ಸ್ಪಾಟ್ ರೇಟು ಇಳಿದರೆ ಒಬ್ಬರು "ಮುಗೀತು, ಮಾರಿಬಿಡಿ" ಅಂತಾರೆ. ಇನ್ನೊಬ್ಬರು "ಎಐ ಇರೋವರೆಗೂ ಬೀಳಲ್ಲ ಬಿಡಿ" ಅಂತಾರೆ. ಈ ಪಟ್ಟಿಯ ಸ್ಪಾಟ್ ರೇಟು ಅಂದರೆ ವ್ಯಾಪಾರಿಗಳ ನಡುವೆ ಆಯಾ ದಿನದ ಬೆಲೆಗೆ ಓಡಾಡುವ ಸಣ್ಣ ಪಾಲಿನದು ಅಷ್ಟೇ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್‌ಗಳ ಮಾಲು ಬಹುಪಾಲು ಹೋಗುವುದು ಕಾಂಟ್ರಾಕ್ಟ್ ರೇಟಿನಲ್ಲಿ, ಅಂದರೆ ದೊಡ್ಡ ಗಿರಾಕಿಗಳ ಜೊತೆ ಮೊದಲೇ ಒಪ್ಪಂದವಾದ ಬೆಲೆಯಲ್ಲಿ. ಎಐ ಸರ್ವರ್‌ಗೆ ಹೋಗುವ ಎಚ್‌ಬಿಎಂ ಎಂಬ ಅತಿವೇಗದ ಮೆಮೊರಿ ಈ ಸ್ಪಾಟ್ ಪಟ್ಟಿಯಲ್ಲೇ ಇಲ್ಲ.

"ಬೀಳಲ್ಲ" ಅನ್ನುವವರು 2023 ನೆನಪಿಸಿಕೊಳ್ಳಲಿ. ಆ ಹಣಕಾಸು ವರ್ಷ ಮೈಕ್ರಾನ್‌ಗೆ 580 ಕೋಟಿ ಡಾಲರ್ ನಷ್ಟ. ಅದೇ ಕಂಪನಿ 2025ರ ಡಿಸೆಂಬರ್‌ನಲ್ಲಿ ಮುಂದಿನ ತ್ರೈಮಾಸಿಕಕ್ಕೆ 1,870 ಕೋಟಿ ಡಾಲರ್ ವಹಿವಾಟಿನ ಅಂದಾಜು ಕೊಟ್ಟಿತು, ಅದೂ ಶೇ 68ರ ಗ್ರಾಸ್ ಮಾರ್ಜಿನ್‌ನಲ್ಲಿ (ತಯಾರಿಕೆ ಖರ್ಚು ಕಳೆದು ಉಳಿಯುವ ಪಾಲು)! ಅದೇ ತಿಂಗಳು, ನಮ್ಮಂಥ ಅಂಗಡಿಯವರು ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡ್ ಮುಚ್ಚುವುದಾಗಿಯೂ ಹೇಳಿತು. ಶೇರುದಾರನಾಗಿ ಖುಷಿ, ಅಂಗಡಿಯವನಾಗಿ ಉರಿ.

ಕಾಂಟ್ರಾಕ್ಟ್ ರೇಟಿನ ಪೂರ್ತಿ ವಿವರ, ವರದಿಗಳು ದುಡ್ಡು ಕಟ್ಟಿದವರಿಗೆ. ಹತ್ತಿಪ್ಪತ್ತು ಶೇರು ಇರುವವರಿಗೆ ಅದು ಬೇಡ. ಟ್ರೆಂಡ್‌ಫೋರ್ಸ್‌ನ ಪುಕ್ಕಟೆ ಪ್ರಕಟಣೆಗಳಲ್ಲೇ ತ್ರೈಮಾಸಿಕದ ಕಾಂಟ್ರಾಕ್ಟ್ ಅಂದಾಜು ಸಿಗುತ್ತದೆ. ದಿನಾ ನೋಡಿ ತಲೆಕೆಡಿಸಿಕೊಳ್ಳುವುದೂ ಬೇಡ, ವಾರಕ್ಕೊಮ್ಮೆ ಸಾಕು. ಸ್ಪಾಟ್ ರೇಟು ಕಾಂಟ್ರಾಕ್ಟ್‌ಗಿಂತ ಕೆಳಗಿಳಿದು ವಾರಗಟ್ಟಲೆ ಅಲ್ಲೇ ಕೂತರೆ ಮಾತ್ರ ನಾನು ಮಾರುವ ಯೋಚನೆ ಮಾಡುತ್ತೇನೆ. ಈ ಪುಕ್ಕಟೆ ಪಟ್ಟಿಗೆ ಐದಕ್ಕೆ ನಾಲ್ಕು ಅಂಕ.