ಲಕ್ಷಣವೇ ಇಲ್ಲದವರು ಟ್ಯೂಮರ್ ಮಾರ್ಕರ್ ಪ್ಯಾಕೇಜಿಗೆ ರಕ್ತ ಕೊಡುವ ಮುನ್ನ

ಇಡೀ ದೇಹದ ತಪಾಸಣೆ ಮಾಡಿಸಿದರೆ ಕ್ಯಾನ್ಸರ್ ಮಾರ್ಕರ್ ಪರೀಕ್ಷೆ ಉಚಿತ ಎಂಬ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ನಮ್ಮ ಅಕ್ಕ ಅದನ್ನು ನೋಡಿಯೇ ರಕ್ತ ಕೊಟ್ಟಳು. ಅವಳಿಗೆ ಆಗ 47. ನೋವಿಲ್ಲ, ಸುಸ್ತಿಲ್ಲ, ಮನೆತನದಲ್ಲಿ ಯಾರಿಗೂ ಕ್ಯಾನ್ಸರ್ ಬಂದದ್ದಿಲ್ಲ. ವರದಿಯಲ್ಲಿ ಸಿಎ-125 (ಅಂಡಾಶಯದ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್, ಇಂಥವನ್ನೇ ಟ್ಯೂಮರ್ ಮಾರ್ಕರ್ ಅನ್ನುವುದು) ಎಂಬ ಸಾಲು ದಪ್ಪ ಅಕ್ಷರದಲ್ಲಿತ್ತು: 35ರೊಳಗೆ ಇರಬೇಕಾದದ್ದು 58. ಲ್ಯಾಬಿನವರೇ ಫೋನ್ ಮಾಡಿ, "ಅಂಡಾಶಯದ ಕ್ಯಾನ್ಸರ್ ಇರಬಹುದು, ತಡ ಮಾಡಬೇಡಿ, ನಮ್ಮಲ್ಲೇ ತಜ್ಞರಿದ್ದಾರೆ" ಅಂದರು.

ಮುಂದೆ ಎಲ್ಲ ಸರಸರ ನಡೆಯಿತು. ಸ್ಕ್ಯಾನಿನಲ್ಲಿ ಒಂದು ಸಣ್ಣ ಚೀಲ (ಸಿಸ್ಟ್) ಕಂಡಿತು. ಸಿಟಿ ಮಾಡಿಸಿದರೂ ಏನೂ ಖಚಿತವಾಗಲಿಲ್ಲ. "ಕ್ಯಾನ್ಸರ್ ಅಲ್ಲ ಅಂತ ನಾನು ಗ್ಯಾರಂಟಿ ಕೊಡೋಕಾಗಲ್ಲ" ಎಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ಬೇರೆ ಮಾತೇ ಉಳಿಯಲಿಲ್ಲ. ಗರ್ಭಕೋಶ, ಎರಡೂ ಅಂಡಾಶಯ ತೆಗೆದರು. ತೆಗೆಯುವಾಗ ಕರುಳಿಗೆ ಪೆಟ್ಟು ಬಿತ್ತು, ಸೋಂಕಾಯಿತು, ಮತ್ತೊಮ್ಮೆ ಹೊಟ್ಟೆ ತೆರೆಯಬೇಕಾಯಿತು. ಕೊನೆಗೆ ಬಯಾಪ್ಸಿಯಲ್ಲಿ ಬಂದದ್ದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ. ಕ್ಯಾನ್ಸರ್ ಸುಳಿವೂ ಇರಲಿಲ್ಲ.

ಎಂಡೊಮೆಟ್ರಿಯೋಸಿಸ್ ಇದ್ದರೆ ಸಿಎ-125 ಏರುವುದು ಮಾಮೂಲಿ. ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ), ಗರ್ಭಧಾರಣೆ, ಲಿವರ್ ಕಾಯಿಲೆಯಲ್ಲೂ ಏರುತ್ತದೆ, ಮುಟ್ಟಿನ ದಿನಗಳಲ್ಲೂ ಏರಬಹುದು. ರಕ್ತ ತೆಗೆದ ದಿನ ಅವಳ ಮುಟ್ಟಿನ ಎಷ್ಟನೇ ದಿನ ಎಂದು ಲ್ಯಾಬಿನಲ್ಲಿ ಕೇಳಲಿಲ್ಲ, ಆಸ್ಪತ್ರೆಯಲ್ಲೂ ಕೇಳಲಿಲ್ಲ.

ನನಗೆ ಇವತ್ತಿಗೂ ಸಿಟ್ಟು ಬರುವುದು ನೋಡಲು ಬಂದವರ ಮಾತಿಗೆ. "ಸದ್ಯ, ಏನೂ ಇರಲಿಲ್ಲವಲ್ಲ, ಟೆಸ್ಟ್ ಮಾಡಿಸಿದ್ದು ಒಳ್ಳೆಯದಾಯಿತು." ಎರಡು ಆಪರೇಷನ್, ರಾತ್ರೋರಾತ್ರಿ ಬಂದೆರಗಿದ ಮೆನೊಪಾಸ್, ತಿಂಗಳುಗಟ್ಟಲೆ ಹಾಸಿಗೆ, ಇಷ್ಟಾದರೂ ಪುಣ್ಯವೆಲ್ಲ ಟೆಸ್ಟಿನ ಖಾತೆಗೇ! ರೋಗ ಸಿಕ್ಕಿದ್ದರೆ "ಬದುಕಿಸಿತು" ಅನ್ನುತ್ತಿದ್ದರು, ಸಿಗದಿದ್ದಕ್ಕೆ "ನೆಮ್ಮದಿ ಕೊಟ್ಟಿತು" ಅಂದರು. ಯಾವ ಫಲಿತಾಂಶ ಬಂದರೂ ಸೋಲದ ಇಂಥ ಪರೀಕ್ಷೆಯ ಯೋಗ್ಯತೆಯನ್ನು ಒಬ್ಬಿಬ್ಬರ ಅನುಭವದಿಂದ ಅಳೆಯಲು ಸಾಧ್ಯವೇ ಇಲ್ಲ. ಅಕ್ಕನ ಕತೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅದಕ್ಕೇ ದೊಡ್ಡ ಪ್ರಯೋಗಗಳನ್ನು ನೋಡಬೇಕು.

ಇವು ಗುಟ್ಟಿನ ಸಂಗತಿಗಳೇನಲ್ಲ. ಅಮೆರಿಕದಲ್ಲಿ 55ರಿಂದ 74 ವಯಸ್ಸಿನ 78,216 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷವರ್ಷವೂ ಸಿಎ-125 ಮತ್ತು ಸ್ಕ್ಯಾನ್ ಮಾಡಿದರು. 2011ರಲ್ಲಿ ಫಲಿತಾಂಶ ಬಂತು. ಅಂಡಾಶಯದ ಕ್ಯಾನ್ಸರಿನಿಂದ ಸತ್ತವರು ತಪಾಸಣೆಯ ಗುಂಪಿನಲ್ಲಿ 118, ಇನ್ನೊಂದರಲ್ಲಿ 100. ಅಂದರೆ ಸಾವು ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಇಲ್ಲದೆಯೂ "ಇದೆ" ಎಂಬ ಅನುಮಾನಕ್ಕೆ ಸಿಕ್ಕವರು 3,285 ಮಂದಿ. ಅವರಲ್ಲಿ 1,080 ಮಂದಿಗೆ ಆಪರೇಷನ್ ಆಯಿತು, 163 ಮಂದಿಗೆ ಗಂಭೀರ ತೊಂದರೆಯಾಯಿತು. ಆ ಕೊನೆಯ ಅಂಕಿ ಓದಿದಾಗ, ನಮ್ಮ ಮನೆಯಲ್ಲಿ ಆದದ್ದು ಅಪರೂಪದ ಅಪಘಾತವಲ್ಲ ಅನ್ನಿಸಿತು.

ಬ್ರಿಟನ್ನಿನ ಪ್ರಯೋಗ ಇನ್ನೂ ದೊಡ್ಡದು, 2 ಲಕ್ಷಕ್ಕೂ ಹೆಚ್ಚು ಮಹಿಳೆಯರು. ಅಲ್ಲಿ ಸಿಎ-125 ಕಾಲಕ್ರಮದಲ್ಲಿ ಹೇಗೆ ಏರುತ್ತದೆ ಎಂಬುದನ್ನು ಜಾಣತನದಿಂದ ಲೆಕ್ಕ ಹಾಕಿದ್ದರು, ಮೊದಲ ಹಂತದಲ್ಲೇ ಸಿಕ್ಕ ಕ್ಯಾನ್ಸರುಗಳ ಸಂಖ್ಯೆ ನಿಜಕ್ಕೂ ಹೆಚ್ಚಿತು ಕೂಡ. ಆದರೂ 2021ರ ಅಂತಿಮ ವರದಿಯ ಪ್ರಕಾರ ಸಾವಿನಲ್ಲಿ ಇಳಿಕೆ ಕಾಣಲಿಲ್ಲ. ಇದನ್ನು ನಿಧಾನವಾಗಿ ಇನ್ನೊಮ್ಮೆ ಓದಿಕೊಳ್ಳಿ: ಬೇಗ ಪತ್ತೆಯಾಯಿತು, ಜೀವ ಉಳಿಯಲಿಲ್ಲ. "ಬೇಗ ಪತ್ತೆಯಾದರೆ ಬದುಕುತ್ತೀರಿ" ಎನ್ನುವ ಜಾಹೀರಾತು ಈ ಎರಡನ್ನೂ ಒಂದೇ ಎಂಬಂತೆ ಮಾರುತ್ತದೆ.

ಮಾರುವ ವಿಧಾನ ಹೀಗೆ. "ಮೊದಲ ಹಂತದಲ್ಲಿ ಸಿಕ್ಕವರಲ್ಲಿ ಐದು ವರ್ಷ ಬದುಕುಳಿದವರು ಶೇಕಡಾ ಇಷ್ಟು" ಎಂದು ತೊಂಬತ್ತರ ಆಸುಪಾಸಿನ ಸಂಖ್ಯೆ ಹಾಕುತ್ತಾರೆ. ಇಬ್ಬರು 70ನೇ ವಯಸ್ಸಿಗೆ ಒಂದೇ ಕಾಯಿಲೆಯಿಂದ ಸತ್ತರು ಅಂದುಕೊಳ್ಳಿ. ಒಬ್ಬರಿಗೆ ಲಕ್ಷಣ ಕಂಡು 67ಕ್ಕೆ ಗೊತ್ತಾಯಿತು, ಇನ್ನೊಬ್ಬರಿಗೆ ತಪಾಸಣೆಯಲ್ಲಿ 60ಕ್ಕೇ ಗೊತ್ತಾಯಿತು. ಎರಡನೆಯವರು ಐದು ವರ್ಷ ಬದುಕಿದವರ ಲೆಕ್ಕಕ್ಕೆ ಸೇರುತ್ತಾರೆ, ಮೊದಲನೆಯವರು ಸೇರುವುದಿಲ್ಲ. ಆಯಸ್ಸು ಒಂದು ದಿನವೂ ಹೆಚ್ಚಲಿಲ್ಲ, ರೋಗಿಯಾಗಿ ಕಳೆದ ವರ್ಷಗಳಷ್ಟೇ ಹೆಚ್ಚಿದವು.

ಇದರ ಜೊತೆಗೆ, ಸುಮ್ಮನಿದ್ದರೆ ಯಾವತ್ತೂ ತೊಂದರೆ ಕೊಡದ ಗಡ್ಡೆಗಳೂ ಇರುತ್ತವೆ. ದಕ್ಷಿಣ ಕೊರಿಯಾದಲ್ಲಿ ಇತರ ತಪಾಸಣೆಯ ಜೊತೆಗೆ ಥೈರಾಯ್ಡ್ ಸ್ಕ್ಯಾನನ್ನೂ ಸೇರಿಸಿ ಮಾಡತೊಡಗಿದರು. 1993ಕ್ಕೆ ಹೋಲಿಸಿದರೆ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆಗೆ ಬಿದ್ದರು.

ತಪಾಸಣೆಯೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ. ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ಒಂದು ವಯಸ್ಸಿನ ನಂತರ ದೊಡ್ಡ ಕರುಳಿನ ತಪಾಸಣೆ, ರಕ್ತದೊತ್ತಡ ನೋಡಿಸುವುದು, ಇವಕ್ಕೆ ಗಟ್ಟಿ ಆಧಾರ ಇದೆ. ತುಂಬಾ ಸಿಗರೇಟು ಸೇದಿದವರಲ್ಲಿ ಕಡಿಮೆ ವಿಕಿರಣದ ಸಿಟಿಯಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇಕಡಾ 20ರಷ್ಟು ಇಳಿದದ್ದು 2011ರ ಅಮೆರಿಕದ ಪ್ರಯೋಗದಲ್ಲಿ ಕಂಡಿದೆ. ಲಕ್ಷಣ ಇದ್ದವರ ಮಾತೇ ಬೇರೆ. ಹೊಟ್ಟೆ ಉಬ್ಬರ ದಿನವೂ ಕಾಡುತ್ತಿದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕಾಯದೆ ವೈದ್ಯರ ಹತ್ತಿರ ಹೋಗಿ. ಅದು ಸ್ಕ್ರೀನಿಂಗ್ (ಲಕ್ಷಣವಿಲ್ಲದವರ ತಪಾಸಣೆ) ಅಲ್ಲ, ರೋಗನಿರ್ಣಯ. ತಾಯಿಗೋ ಅಕ್ಕತಂಗಿಗೋ ಅಂಡಾಶಯ ಅಥವಾ ಸ್ತನ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಹೇಳಿ, ನಿಮ್ಮ ಅಪಾಯದ ಲೆಕ್ಕ ಬೇರೆಯಾಗುತ್ತದೆ.

ಪ್ಯಾಕೇಜ್ ಮಾರುವವರನ್ನು ಕೇಳಬೇಕಾದದ್ದು ಇಷ್ಟೇ: ನನ್ನ ವಯಸ್ಸಿನ, ಲಕ್ಷಣವಿಲ್ಲದ ಸಾವಿರ ಜನ ಇದನ್ನು ಮಾಡಿಸಿಕೊಂಡರೆ, ಮಾಡಿಸದ ಸಾವಿರಕ್ಕಿಂತ ಎಷ್ಟು ಜನ ಕಡಿಮೆ ಸಾಯುತ್ತಾರೆ? ಎಷ್ಟು ಜನಕ್ಕೆ ಸುಮ್ಮನೆ ಆಪರೇಷನ್ ಆಗುತ್ತದೆ? ಶೇಕಡಾವಾರು ಬೇಡ, ತಲೆ ಎಣಿಸಿ ಹೇಳಲಿ. ಇನ್ನೊಂದು: "80 ಪರೀಕ್ಷೆ" ಎಂದರೆ ಖುಷಿಪಡಬೇಡಿ. ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇಕಡಾ 95 ಮಂದಿ ಒಳಗೆ ಬರುವಂತೆ "ನಾರ್ಮಲ್" ಗೆರೆ ಎಳೆದಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಪೂರ್ತಿ ಆರೋಗ್ಯವಂತರಿಗೂ ಒಂದಾದರೂ ಅಂಕಿ ಗೆರೆ ದಾಟುವ ಸಾಧ್ಯತೆ ಶೇಕಡಾ 64.

ಈಗಾಗಲೇ ವರದಿ ಕೈಗೆ ಬಂದು ಸಿಎ-125 ಸ್ವಲ್ಪ ಏರಿದ್ದು ಕಂಡು ನಿದ್ದೆಗೆಟ್ಟಿದ್ದೀರಾ? ಪರೀಕ್ಷೆ ಮಾಡಿದ ಸಂಸ್ಥೆಗೆ ಸಂಬಂಧವಿಲ್ಲದ ಸ್ತ್ರೀರೋಗ ತಜ್ಞರನ್ನು, ಸಾಧ್ಯವಾದರೆ ಸ್ತ್ರೀರೋಗ ಕ್ಯಾನ್ಸರ್ ತಜ್ಞರನ್ನೇ ನೋಡಿ. ಮುಟ್ಟಿನ ದಿನಾಂಕ ಹೇಳಿ. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಬಹುದೇ, ಸ್ಕ್ಯಾನಿನಲ್ಲಿ ಕಂಡ ಚೀಲವನ್ನು ತೆಗೆಯದೆ ಗಮನಿಸುತ್ತಾ ಇರಬಹುದೇ ಎಂದು ಕೇಳಿ. ಎರಡನೇ ಅಭಿಪ್ರಾಯ ಪಡೆಯುವ ಮುಂಚೆಯೇ ಆಪರೇಷನ್ ದಿನಾಂಕ ಗೊತ್ತು ಮಾಡಲು ಅವಸರಿಸಿದರೆ, ನಿಮ್ಮ ಫೈಲು ಕೇಳಿ ಪಡೆದುಕೊಂಡು ಬನ್ನಿ.