ಹೇಮಾವತಿ ಹಿನ್ನೀರಿನಲ್ಲಿ ಓಪನ್‌ಸಿಪಿಎನ್: ಜಿಪಿಎಸ್, ಎಕೋ ಸೌಂಡರ್‌ಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಬಗ್ಗೆ ಒಂದು ವಿಮರ್ಶೆ

ಹಾಸನ ಜಿಲ್ಲೆಯ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಆಳ ಅಳೆಯುವ ಕೆಲಸಕ್ಕೆ ನಮ್ಮ ಚಿಕ್ಕ ತಂಡ ಬಳಸುತ್ತಿರುವುದು ಸಮುದ್ರಯಾನಕ್ಕೆಂದು ರೂಪಿಸಲಾದ ಓಪನ್‌ಸಿಪಿಎನ್ ಎಂಬ ತಂತ್ರಾಂಶ. ಇದು ಉಚಿತ, ಇದರ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿದೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರಿನಲ್ಲೂ ನಡೆಯುತ್ತದೆ. ನಕ್ಷೆ ತೋರಿಸುವ ತಂತ್ರಾಂಶಗಳು ಬೇಕಾದಷ್ಟಿವೆ. ದೋಣಿಯ ಮೇಲಿರುವ ಜಿಪಿಎಸ್ ಮತ್ತು ಎಕೋ ಸೌಂಡರ್ (ಶಬ್ದದ ಅಲೆಗಳಿಂದ ಆಳ ಅಳೆಯುವ ಉಪಕರಣ) ಕಳುಹಿಸುವ ಮಾಹಿತಿಯನ್ನು ಇದು ಹೇಗೆ ಸ್ವೀಕರಿಸುತ್ತದೆ, ಸಂಪರ್ಕ ಕೈಕೊಟ್ಟಾಗ ಕಾರಣ ಹುಡುಕಲು ಎಷ್ಟು ನೆರವಾಗುತ್ತದೆ ಎಂಬುದಷ್ಟೇ ಈ ಬರಹದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತಂತ್ರಾಂಶಕ್ಕೆ ಒಂದು ರೂಪಾಯಿಯೂ ಬೇಕಿಲ್ಲ, ಆದರೆ ಉಪಕರಣ ಮತ್ತು ಲ್ಯಾಪ್‌ಟಾಪ್‌ಗಳ ನಡುವೆ ಕೂರುವ ಪರಿವರ್ತಕಕ್ಕೆ ಹಣ ಉಳಿಸಲು ಹೋಗಬಾರದು.

ದೋಣಿಯ ಉಪಕರಣಗಳಲ್ಲಿ ಬಹುಪಾಲು ಇಂದಿಗೂ ಎನ್‌ಎಂಇಎ 0183 ಎಂಬ ಹಳೆಯ ಮಾನದಂಡವನ್ನೇ ಪಾಲಿಸುತ್ತವೆ. ಇದರಲ್ಲಿ ಮಾಹಿತಿ ಸಾಮಾನ್ಯ ಅಕ್ಷರಗಳ ಸಾಲುಗಳಾಗಿ ಹರಿಯುತ್ತದೆ. ಸಾಮಾನ್ಯವಾಗಿ ಪ್ರತಿ ಸಾಲು ಡಾಲರ್ ಚಿಹ್ನೆಯಿಂದ ಆರಂಭವಾಗಿ, ನಕ್ಷತ್ರ ಚಿಹ್ನೆಯ ನಂತರ ಬರುವ ಎರಡು ಅಕ್ಷರಗಳ ತಾಳೆಸಂಖ್ಯೆಯೊಂದಿಗೆ (ಸಾಲು ಕೆಡದೆ ಬಂದಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ) ಮುಗಿಯುತ್ತದೆ. ಸಾಲಿನ ಉದ್ದ 82 ಅಕ್ಷರಗಳನ್ನು ಮೀರುವಂತಿಲ್ಲ. ವೇಗ ಸೆಕೆಂಡಿಗೆ 4800 ಬಿಟ್, ಅಂದರೆ ಸುಮಾರು 480 ಅಕ್ಷರ. ಪೂರ್ಣ ಉದ್ದದ ಸಾಲುಗಳಾದರೆ ಸೆಕೆಂಡಿಗೆ ಆರಕ್ಕಿಂತ ಹೆಚ್ಚು ಸಾಗುವುದಿಲ್ಲ. ಆದ್ದರಿಂದ ಜಿಪಿಎಸ್‌ನ ಮೆನುವಿನಲ್ಲಿ ಉಪಗ್ರಹಗಳ ವಿವರ ಕೊಡುವ ಜಿಎಸ್‌ವಿ ಸಾಲುಗಳನ್ನು ನಿಲ್ಲಿಸಿ, ಸ್ಥಾನ ಮತ್ತು ವೇಗ ಹೇಳುವ ಆರ್‌ಎಂಸಿ ಹಾಗೂ ಸೌಂಡರ್ ಕೊಡುವ, ಆಳ ಹೇಳುವ ಡಿಬಿಟಿ ಅಥವಾ ಡಿಪಿಟಿ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳುವುದು ಒಳ್ಳೆಯದು. ಹಡಗುಗಳನ್ನು ಗುರುತಿಸುವ ಎಐಎಸ್ ಉಪಕರಣಕ್ಕೆ ಮಾತ್ರ 38400ರ ವೇಗ ಬೇಕು. ಜಲಾಶಯದಲ್ಲಿ ಅದರ ಅಗತ್ಯ ಬೀಳುವುದಿಲ್ಲ.

ಓಪನ್‌ಸಿಪಿಎನ್‌ನ ನಿಜವಾದ ಶಕ್ತಿ ಇರುವುದು ಅದರ ಡೀಬಗ್ ಕಿಟಕಿಯಲ್ಲಿ (ಹೊಸ ಆವೃತ್ತಿಗಳಲ್ಲಿ ಇದರ ಹೆಸರು ಡೇಟಾ ಮಾನಿಟರ್). ಆಯ್ಕೆಗಳ ಪುಟದಲ್ಲಿ ಕನೆಕ್ಷನ್ಸ್ ಎಂಬ ಭಾಗಕ್ಕೆ ಹೋಗಿ, ಸೀರಿಯಲ್ (ಮಾಹಿತಿ ಒಂದೊಂದೇ ಬಿಟ್ ಆಗಿ ಸಾಗುವ) ಸಂಪರ್ಕವೊಂದನ್ನು ಸೇರಿಸಿ, ಪೋರ್ಟ್ ಮತ್ತು ವೇಗವನ್ನು ಆರಿಸಿ ಈ ಕಿಟಕಿಯನ್ನು ತೆರೆದರೆ, ಉಪಕರಣದಿಂದ ಬರುವ ಒಂದೊಂದು ಸಾಲೂ ಬಂದಂತೆಯೇ ಕಣ್ಣೆದುರು ಉರುಳುತ್ತದೆ. ಗೊರೂರಿನ ಬಳಿ ದೋಣಿ ನಿಂತಿದ್ದರೆ ಆರ್‌ಎಂಸಿ ಸಾಲಿನಲ್ಲಿ ಅಕ್ಷಾಂಶದ ಜಾಗದಲ್ಲಿ 1249 ಎಂದು ಶುರುವಾಗುವ ಅಂಕಿ ಕಾಣುತ್ತದೆ. ಅದು 12 ಡಿಗ್ರಿ 49 ನಿಮಿಷವೇ ಹೊರತು ದಶಮಾಂಶದ ಡಿಗ್ರಿಯಲ್ಲ. ಈ ಸಾಲುಗಳನ್ನು ನೇರವಾಗಿ ಎಕ್ಸೆಲ್‌ಗೆ ಸುರಿದುಕೊಳ್ಳುವವರು ಇದನ್ನು ನೆನಪಿಡಬೇಕು. ಕಿಟಕಿ ಖಾಲಿಯಿದ್ದರೆ ವೈರು ತಲುಪಿಲ್ಲ ಅಥವಾ ಪೋರ್ಟ್ ತಪ್ಪಿದೆ. ಅರ್ಥವಿಲ್ಲದ ಚಿಹ್ನೆಗಳು ಸುರಿಯುತ್ತಿದ್ದರೆ ವೇಗ ತಪ್ಪಿದೆ, ಇಲ್ಲವೇ ಎರಡು ಸಂಕೇತದ ವೈರುಗಳು ಅದಲುಬದಲಾಗಿವೆ. ಸಾಲುಗಳು ಸರಿಯಾಗಿ ಬರುತ್ತಿದ್ದೂ ದೋಣಿಯ ಗುರುತು ಕದಲದಿದ್ದರೆ, ಆರ್‌ಎಂಸಿ ಸಾಲಿನಲ್ಲಿ ಸಮಯದ ನಂತರ ಇಂಗ್ಲಿಷಿನ ‘ಎ’ ಅಕ್ಷರದ ಬದಲು ‘ವಿ’ ಇದೆಯೇ ಎಂದು ನೋಡಬೇಕು. ‘ವಿ’ ಇದ್ದರೆ ಜಿಪಿಎಸ್‌ಗೆ ಇನ್ನೂ ಸ್ಥಾನ ಸಿಕ್ಕಿಲ್ಲವೆಂದು ಅರ್ಥ. ದುಬಾರಿ ತಂತ್ರಾಂಶಗಳು ಹಲವು ಬಾರಿ ‘ಸಂಪರ್ಕವಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗುವ ಕಡೆ ಇದು ಬಳಕೆದಾರನನ್ನು ಕತ್ತಲಲ್ಲಿ ಬಿಡುವುದಿಲ್ಲ ಎಂಬುದೇ ನನಗೆ ಬಹಳ ಮೆಚ್ಚುಗೆಯಾದ ಅಂಶ.

ಇನ್ನು ಪರಿವರ್ತಕದ ಮಾತು. ಎನ್‌ಎಂಇಎ 0183ರ ಈಚಿನ ಆವೃತ್ತಿಗಳ ವಿದ್ಯುತ್ ಸಂಕೇತ ಆರ್‌ಎಸ್-422 ಮಾದರಿಯದು. ಪೇಟೆಯಲ್ಲಿ ಸುಲಭವಾಗಿ ಸಿಗುವ ಯುಎಸ್‌ಬಿ ಕೇಬಲ್‌ಗಳು ಆರ್‌ಎಸ್-232 ಎಂಬ ಬೇರೆ ಮಾದರಿಯ ಸಂಕೇತಕ್ಕೆ ತಯಾರಾದವು. ಎರಡನ್ನೂ ನೇರವಾಗಿ ಸೇರಿಸಿದರೂ ಎಷ್ಟೋ ಸಲ ಕೆಲಸ ನಡೆಯುತ್ತದೆ. ಹಾಗೆ ನಡೆಯುವುದರಿಂದಲೇ ಜನ ಅದನ್ನು ನಂಬಿ ನೀರಿಗಿಳಿಯುತ್ತಾರೆ. ನಾವು ಮೊದಲು ತರಿಸಿಕೊಂಡ ಅಗ್ಗದ ಕೇಬಲ್ ಮನೆಯ ಮೇಜಿನ ಮೇಲೆ ಚೆನ್ನಾಗಿಯೇ ನಡೆಯಿತು. ದೋಣಿಯ ಎಂಜಿನ್ ಚಾಲೂ ಆಗಿ, ಅದೇ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಲ್ಯಾಪ್‌ಟಾಪ್ ಚಾರ್ಜ್ ಆಗತೊಡಗಿದ ಕೂಡಲೇ ಡೀಬಗ್ ಕಿಟಕಿಯಲ್ಲಿ ಸಾಲುಗಳು ಮಧ್ಯದಲ್ಲೇ ತುಂಡಾಗಿ, ತಾಳೆಸಂಖ್ಯೆ ಹೊಂದದೆ ತಿರಸ್ಕೃತವಾಗತೊಡಗಿದವು. ಚಾರ್ಜರ್ ಕಿತ್ತರೆ ಸರಿಹೋಗುತ್ತಿತ್ತು. ದೋಷ ತಂತ್ರಾಂಶದಲ್ಲಿರಲಿಲ್ಲ, ಎರಡು ಉಪಕರಣಗಳ ಅರ್ಥಿಂಗ್ ಒಂದಕ್ಕೊಂದು ತಾಕಿಕೊಂಡಿದ್ದರಲ್ಲಿತ್ತು. ಒಳಗೆ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸುವ, ಅಂದರೆ ಆಪ್ಟೋ ಐಸೊಲೇಷನ್ ಇರುವ ಆರ್‌ಎಸ್-422 ಪರಿವರ್ತಕವನ್ನು ಹಾಕಿದ ಮೇಲೆ ಎಂಜಿನ್ ಓಡುತ್ತಿದ್ದರೂ ಸಾಲುಗಳು ಕೆಡಲಿಲ್ಲ. ಬೆಲೆ ಹಲವು ಪಟ್ಟು ಹೆಚ್ಚು, ನಿಜ. ಲ್ಯಾಪ್‌ಟಾಪ್‌ನ ಪೋರ್ಟ್ ಸುಟ್ಟುಹೋಗುವ ಅಪಾಯವನ್ನೂ ಅದು ತಗ್ಗಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಖರ್ಚು ನ್ಯಾಯವಾದದ್ದೇ.

ವಿಂಡೋಸ್ ಬಳಸುವವರನ್ನು ಕಾಡುವ ಒಂದು ವಿಚಿತ್ರ ತೊಂದರೆಯನ್ನು ಇಲ್ಲಿ ಹೇಳಲೇಬೇಕು. ಜಿಪಿಎಸ್ ಮಾಹಿತಿ ಕಳುಹಿಸುತ್ತಿರುವಾಗಲೇ ಕೇಬಲ್ ಚುಚ್ಚಿದರೆ, ವಿಂಡೋಸ್ ಕೆಲವೊಮ್ಮೆ ಅದನ್ನು ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ಭಾವಿಸುತ್ತದೆ. ಪರದೆಯ ಮೇಲಿನ ಬಾಣ ತಾನಾಗಿಯೇ ಹುಚ್ಚೆದ್ದು ಓಡಾಡಿ, ಸಿಕ್ಕಸಿಕ್ಕಲ್ಲಿ ಒತ್ತುತ್ತದೆ. ವೈರಸ್ ಬಂತೆಂದು ಗಾಬರಿಯಾಗಬೇಕಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್‌ಗಳ ಪಟ್ಟಿಯಡಿ ಹೊಸದಾಗಿ ಕಾಣಿಸಿಕೊಂಡ ‘ಸೀರಿಯಲ್ ಬಾಲ್‌ಪಾಯಿಂಟ್’ ಎಂಬುದನ್ನು ನಿಷ್ಕ್ರಿಯಗೊಳಿಸಿದರೆ ಸಾಕು, ಅಳಿಸಿಹಾಕಿದರೆ ಮತ್ತೆ ಬರುತ್ತದೆ. ಕೇಬಲನ್ನು ಬೇರೆ ಯುಎಸ್‌ಬಿ ಕಿಂಡಿಗೆ ಬದಲಿಸಿದರೆ ಪೋರ್ಟ್ ಸಂಖ್ಯೆಯೂ ಬದಲಾಗಬಹುದಾದ್ದರಿಂದ ನಾವು ಒಂದೇ ಕಿಂಡಿಯನ್ನು ಗುರುತು ಹಾಕಿ ಇಟ್ಟುಕೊಂಡಿದ್ದೇವೆ.

ಒಂದು ಸೀರಿಯಲ್ ಪೋರ್ಟನ್ನು ವಿಂಡೋಸ್‌ನಲ್ಲಿ ಏಕಕಾಲಕ್ಕೆ ಒಂದೇ ತಂತ್ರಾಂಶ ತೆರೆಯಬಲ್ಲದು. ಇನ್ನೊಂದಕ್ಕೂ ಅದೇ ಮಾಹಿತಿ ಬೇಕಿದ್ದರೆ ಓಪನ್‌ಸಿಪಿಎನ್‌ನಿಂದಲೇ ನೆಟ್‌ವರ್ಕ್ ಮೂಲಕ ಹೊರಗೆ ಕಳುಹಿಸಬಹುದು. ಅದಕ್ಕೆ ಸಾಮಾನ್ಯವಾಗಿ ಬಳಸುವ ನೆಟ್‌ವರ್ಕ್ ಪೋರ್ಟ್ ಸಂಖ್ಯೆ 10110. ಈ ವ್ಯವಸ್ಥೆ ಸ್ಥಿರವಾಗಿದೆ, ದೋಣಿಯ ಇನ್ನೊಂದು ತುದಿಯಲ್ಲಿ ಕೂತವರು ಮೊಬೈಲಿನಲ್ಲಿಯೇ ಆಳವನ್ನು ನೋಡಬಹುದು.

ಕೊರತೆ ಇರುವುದು ನಕ್ಷೆಯ ವಿಷಯದಲ್ಲಿ. ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಹೊರತರುವ ನಕ್ಷೆಗಳು ಸಮುದ್ರ ಮತ್ತು ಬಂದರುಗಳಿಗೆ ಸಂಬಂಧಿಸಿದವು. ಒಳನಾಡಿನ ಜಲಾಶಯಕ್ಕೆ ಉಪಗ್ರಹ ಚಿತ್ರಗಳನ್ನು ಎಂಬಿಟೈಲ್ಸ್ (ನಕ್ಷೆಯ ತುಣುಕುಗಳನ್ನು ಒಂದೇ ಕಡತದಲ್ಲಿಡುವ) ರೂಪದಲ್ಲಿ ನಾವೇ ಸಿದ್ಧಪಡಿಸಿಕೊಳ್ಳಬೇಕು. ಬೇಸಿಗೆಯ ಚಿತ್ರವನ್ನು ಆರಿಸಿಕೊಂಡರೆ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಸುತ್ತ ಮಳೆಗಾಲದಲ್ಲಿ ಮುಳುಗುವ ನೆಲವೆಲ್ಲ ಅದರಲ್ಲಿ ಕಾಣುತ್ತದೆ, ದೋಣಿ ನಡೆಸುವವರಿಗೆ ಅದು ದೊಡ್ಡ ನೆರವು. ವಿಡಿಆರ್ ಎಂಬ ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಎಲ್ಲ ಸಾಲುಗಳನ್ನೂ ಕಡತದಲ್ಲಿ ದಾಖಲಿಸುತ್ತದೆ. ಆದರೆ ಅಲ್ಲಿರುವ ಆಳ ಆ ದಿನದ ನೀರಿನ ಮಟ್ಟಕ್ಕೆ ಸಂಬಂಧಿಸಿದ್ದು. ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಅಂದಿನ ಮಟ್ಟ 2910 ಅಡಿ ಇದ್ದು ಆಳ 30 ಅಡಿ ಬಂದರೆ ತಳ 2880 ಅಡಿಯಲ್ಲಿದೆ ಎಂದು ಬರೆದುಕೊಳ್ಳಬೇಕು. ಡಿಬಿಟಿ ಸಾಲು ಕೊಡುವುದು ಸಂವೇದಕದ ಕೆಳಗಿನ ಆಳವನ್ನು ಮಾತ್ರ, ಸಂವೇದಕ ನೀರಿನೊಳಗೆ ಮುಳುಗಿರುವಷ್ಟನ್ನು ಅದಕ್ಕೆ ಕೂಡಿಸಬೇಕು.

ಹೊಸ ಉಪಕರಣಗಳಲ್ಲಿರುವ ಎನ್‌ಎಂಇಎ 2000 ಬೇರೆಯೇ ವ್ಯವಸ್ಥೆ. ಅದು ಸೆಕೆಂಡಿಗೆ 250 ಕಿಲೋಬಿಟ್ ವೇಗದ, ಎರಡು ತುದಿಗಳಲ್ಲೂ 120 ಓಮ್ ಟರ್ಮಿನೇಟರ್ (ತುದಿಗೆ ಹಾಕುವ ವಿದ್ಯುತ್ ರೋಧಕ) ಬೇಡುವ ಜಾಲ. ಅದನ್ನು ಲ್ಯಾಪ್‌ಟಾಪ್‌ಗೆ ಜೋಡಿಸಲು ಪ್ರತ್ಯೇಕ ಗೇಟ್‌ವೇ ಉಪಕರಣ ಬೇಕು. ಒಂದು ಜಿಪಿಎಸ್ ಮತ್ತು ಒಂದು ಸೌಂಡರ್‌ಗೆ ಅಷ್ಟು ಖರ್ಚು ಅನಗತ್ಯ. ಖರೀದಿಗೆ ಹೋಗುವವರು ಅಂಗಡಿಯಲ್ಲಿ ಮೂರು ವಿಷಯ ಕೇಳಿ ತಿಳಿದುಕೊಳ್ಳಲಿ: ಸೌಂಡರ್‌ಗೆ ಎನ್‌ಎಂಇಎ 0183 ಔಟ್‌ಪುಟ್ ವೈರು ಇದೆಯೇ, ಪರಿವರ್ತಕ ಆರ್‌ಎಸ್-422 ಮಾದರಿಯದೇ, ಅದರಲ್ಲಿ ಐಸೊಲೇಷನ್ ಇದೆಯೇ. ಕಡಿಮೆ ಬೆಲೆಯ ಫಿಶ್ ಫೈಂಡರ್‌ಗಳಲ್ಲಿ (ಮೀನು ಹುಡುಕಲು ಬಳಸುವ ಸೌಂಡರ್‌ಗಳಲ್ಲಿ) ಹಲವು ಬಾರಿ ಆ ಔಟ್‌ಪುಟ್ ವೈರೇ ಇರುವುದಿಲ್ಲ. ಅಂಥದ್ದನ್ನು ಕೊಂಡರೆ ಎಷ್ಟೇ ಒಳ್ಳೆಯ ತಂತ್ರಾಂಶವಿದ್ದರೂ ಆಳದ ಮಾಹಿತಿ ಲ್ಯಾಪ್‌ಟಾಪ್‌ಗೆ ಬರುವುದಿಲ್ಲ.